ಕಾಸ್ಕ್ ಸ್ಟ್ರೆಂತ್ ಕಾರ್ನ್ ವಿಸ್ಕಿ (ಟೆಕ್ಸಸ್): 64%ಕ್ಕೆ ಎಷ್ಟು ನೀರು, ಏನು ಮೂಸಬೇಕು, ಯಾವ ವಾಸನೆ ನಂಬಬಾರದು

ಆಲೆಮನೆ (ಆಸ್ಟಿನ್)

ವೇಕೋದ ಬಾಲ್ಕೋನೀಸ್ ಡಿಸ್ಟಿಲರಿಯ ಕಾರ್ನ್ ವಿಸ್ಕಿ ಟ್ರೂ ಬ್ಲೂ ಕಾಸ್ಕ್ ಸ್ಟ್ರೆಂತ್ (ಅಂದ್ರೆ ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ಬಾಟಲಿಗೆ ತುಂಬಿದ್ದು) ಬಗ್ಗೆ ಬೇರೆ ಎಳೆಯಲ್ಲಿ ನಾಲ್ಕೈದು ಜನ ಕೇಳಿದ್ರು. ಅಲ್ಲಿ ಬರ್ಬನ್ ಜಗಳ ನಡೀತಿದೆ, ಅದಕ್ಕೆ ಇದನ್ನ ಬೇರೆ ಮಾಡ್ತಿದೀನಿ. ಡಾಲಸ್‌ನೋರಿಗೂ ಆಸ್ಟಿನ್‌ನೋರಿಗೂ ವೇಕೋ ಹೆಚ್ಚುಕಮ್ಮಿ ನಡುದಾರಿ, ಐ-35ರ ಮೇಲೇ ಸಿಗುತ್ತೆ. ಹಂಗಾಗಿ ಇಬ್ಬರಿಗೂ ಇದು ಲೋಕಲ್ ಅಂತಲೇ ಲೆಕ್ಕ.

ಧಾನ್ಯ: ಹುರಿದ ನೀಲಿ ಮೆಕ್ಕೆಜೋಳ. ಆಲ್ಕೋಹಾಲಿನ ಶೇಕಡಾವಾರು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತೆ, ನಿಮ್ಮ ಲೇಬಲ್ ನೋಡ್ಕೊಳ್ಳಿ. ಲೆಕ್ಕಕ್ಕೆ ಇಲ್ಲಿ 64 ಅಂತ ಇಟ್ಕೊಂಡಿದೀನಿ.

ಲೋಟ ಗ್ಲೆನ್‌ಕೇರ್ನ್ (ಬಾಯಿ ಕಿರಿದಾದ ವಿಸ್ಕಿ ಲೋಟ), ಅಳತೆ 20 ಎಂಎಲ್, ಕೋಣೆ 22 ಡಿಗ್ರಿ.

ಹಾಕಿದ ತಕ್ಷಣ ಮೂಗು ಒಳಗಿಟ್ರೆ ಸ್ಪಿರಿಟ್ ಬಿಟ್ಟು ಬೇರೇನೂ ಸಿಗಲ್ಲ. 10 ನಿಮಿಷ ಆದ್ಮೇಲೆ ಹುರಿಟ್ಟು. ಅನುಮಾನವೇ ಇಲ್ಲ, ಹುರಿದ ಹಿಟ್ಟಿಗೆ ಬಿಸಿನೀರು ಬಿದ್ದಾಗ ಏಳೋ ವಾಸನೆ. ಅದರ ಹಿಂದೆ ತುಪ್ಪ ಕಾಯಿಸಿದ ಪಾತ್ರೆಯ ತಳದ ಗಸಿ. 25 ನಿಮಿಷಕ್ಕೆ ಬೆಲ್ಲದ ಪಾಕ. ಆದ್ರೆ ಅಚ್ಚಿಗೆ ಹೊಯ್ಯೋ ಹದದ್ದಲ್ಲ, ಇನ್ನೂ ನೊರೆ ಏಳ್ತಿರೋ ಹಂತದ್ದು.

ಬಾಯಲ್ಲಿ, ನೀರಿಲ್ಲದೆ: ಎಣ್ಣೆಯ ಹಾಗೆ ನಾಲಿಗೆಗೆ ಅಂಟುತ್ತೆ. ಸಿಹಿ ಮೊದಲು, ಉರಿ ಆಮೇಲೆ, ಕೊನೆಗೆ ಸುಟ್ಟ ತೆನೆಯ ಕರಿ ಕಾಳಿನ ಕಹಿ.

5 ಎಂಎಲ್ ನೀರು ಹಾಕಿದ್ಮೇಲೆ (51%ಕ್ಕೆ ಇಳಿಯುತ್ತೆ): ಇದೇ ಸರಿಯಾದ ಜಾಗ. ಕಹಿ ಹಿಂದೆ ಸರಿದು ಕೊಬ್ಬರಿ ಮಿಠಾಯಿ ಮುಂದೆ ಬರುತ್ತೆ.

ಒಟ್ಟು 10 ಎಂಎಲ್ ಆದಾಗ (42.7%): ತೆಳು. ಜೋಳ ಇದೆ, ಮೈ ಇಲ್ಲ. ಸಣ್ಣಗೆ ಮಬ್ಬು ಕೂಡ ಬಂತು.

ಹೊಸಬ_ಪ್ಲೇನೊ

ಸರ್, ಎರಡು ಡೌಟು. ಇದು ಬರ್ಬನ್ ಅಲ್ವಾ? ಬರ್ಬನ್ನೂ ಜೋಳದ್ದೇ ಅಲ್ವಾ? ಇನ್ನೊಂದು, 64 ಅಂದ್ರೆ ಎಷ್ಟು ಸ್ಟ್ರಾಂಗು? ಊರಲ್ಲಿ ಕುಡಿಯೋ ಲೆಕ್ಕದಲ್ಲಿ ಹೇಳಿ.

ಪೀಪಾಯಿ

ಎರಡನೆಯದಕ್ಕೆ ಮೊದಲು ಉತ್ತರ, ಅದು ಸುಲಭ. ನಮ್ಮಲ್ಲಿನ ಬಾಟಲಿ ಮೇಲೆ 42.8% ಇರುತ್ತದೆ. 64ರ ಒಂದು ಲಾರ್ಜ್ (60 ಎಂಎಲ್) ಎಂದರೆ ಅದರೊಳಗೆ 38.4 ಎಂಎಲ್ ಶುದ್ಧ ಆಲ್ಕೋಹಾಲು. 42.8ರ ನೈಂಟಿಯಲ್ಲಿ 38.5. ಅಂದರೆ ನೀವು ಲಾರ್ಜ್ ಎಂದುಕೊಂಡು ಕುಡಿದದ್ದು ನೈಂಟಿ. ಅಮೆರಿಕದ ಲೆಕ್ಕದಲ್ಲಿ ‘ಒಂದು ಡ್ರಿಂಕ್’ ಎಂದರೆ 14 ಗ್ರಾಂ ಆಲ್ಕೋಹಾಲು. 64ರಲ್ಲಿ 28 ಎಂಎಲ್‌ಗೇ ಅದು ಮುಗಿಯುತ್ತದೆ. ರುಚಿ ನೋಡುವುದಕ್ಕೆ 15–20 ಧಾರಾಳ. ಗಾಡಿ ಓಡಿಸುವವರು ಈ ಲೆಕ್ಕವನ್ನು ಮರೆಯಬಾರದು.

ಇನ್ನು ಬರ್ಬನ್. ಎರಡೂ ಜೋಳದವೇ, ಕಾನೂನು ಬೇರೆ. ಬರ್ಬನ್ನಿಗೆ ಮ್ಯಾಶ್‌ನಲ್ಲಿ (ಹುದುಗಿಸುವ ಧಾನ್ಯದ ಗಂಜಿಯಲ್ಲಿ) 51% ಜೋಳ ಸಾಕು, ಆದರೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಕಾರ್ನ್ ವಿಸ್ಕಿಗೆ ಕನಿಷ್ಠ 80% ಜೋಳ ಬೇಕು, ಪೀಪಾಯಿಯಲ್ಲಿ ಇಡಲೇಬೇಕೆಂದಿಲ್ಲ. ಇಟ್ಟರೆ ಒಂದೋ ಬಳಸಿದ ಪೀಪಾಯಿ, ಇಲ್ಲವೇ ಸುಡದ ಹೊಸ ಪೀಪಾಯಿ. ಸುಟ್ಟ ಹೊಸ ಪೀಪಾಯಿಗೆ ಹಾಕಿದರೆ ಆ ಹೆಸರೇ ಹೋಯಿತು. ಆಲ್ಕೋಹಾಲಿಗೆ ಬಟ್ಟಿ ಇಳಿಸುವಾಗ ಎರಡಕ್ಕೂ 80% ಮಿತಿ, ಪೀಪಾಯಿಗೆ ತುಂಬುವಾಗ ಎರಡಕ್ಕೂ 62.5% ಮಿತಿ.

ರುಚಿಯ ವ್ಯತ್ಯಾಸ ಇಲ್ಲೇ ಹುಟ್ಟುತ್ತದೆ. ಬರ್ಬನ್ನಿನ ವೆನಿಲಾ, ಕ್ಯಾರಮೆಲ್ ಎಲ್ಲ ಬಹುಪಾಲು ಸುಟ್ಟ ಹೊಸ ಮರದ್ದು. ಬಳಸಿದ ಪೀಪಾಯಿ ಅದರಲ್ಲಿ ಬಹುಪಾಲನ್ನು ಮೊದಲನೇ ಸಲವೇ ಕೊಟ್ಟುಬಿಟ್ಟಿರುತ್ತದೆ. ಆಮೇಲೆ ಕಾಣುವುದು ಜೋಳ, ಜತೆಗೆ ಬಟ್ಟಿ ಇಳಿಸಿದವನ ಕೈ. ತಪ್ಪು ಮಾಡಿದ್ದರೆ ಅದೂ ಬಯಲಲ್ಲೇ ಕಾಣುತ್ತದೆ.

ಗೋವಿನಜೋಳ

ಅದು ‘ಜೋಳ’ ಅಲ್ರೀ, ಗೋವಿನಜೋಳ. ಬರೇ ಜೋಳ ಅಂದ್ರ ನಮ್ಮ ಕಡೆ ರೊಟ್ಟಿ ಬಡಿಯೋದು. ಮೈಸೂರು ಕಡೆಯವರು ಮುಸುಕಿನ ಜೋಳ ಅಂತೀರಿ, ದಾವಣಗೇರಿಯವರು ಮೆಕ್ಕೆಜೋಳ. ಏನರ ಅನ್ರಿ, ಜೋಳ ಮಾತ್ರ ಅನಬ್ಯಾಡ್ರಿ. ಜೋಳದ ವಿಸ್ಕಿನೂ ಅದ, ಅದು ಬ್ಯಾರೆನ.

ಈಗ ವಿಷಯಕ್ಕ ಬರ್ತೀನಿ. ಪೀಪಾಯಿಗೆ ತುಂಬೂದು 62.5ಕ್ಕಿಂತ ಹೆಚ್ಚಿರಬಾರದು ಅಂದ್ರಿ. ಬಾಟ್ಲಿ ಮ್ಯಾಲೆ 64 ಹೆಂಗ ಬಂತು?

ಪೀಪಾಯಿ

ಆಯಿತು, ಇನ್ನು ಮೆಕ್ಕೆಜೋಳವೇ.

ಒಳ್ಳೆಯ ಪ್ರಶ್ನೆ. ಕಾಸ್ಕ್ ಸ್ಟ್ರೆಂತ್ ಕಾರ್ನ್ ವಿಸ್ಕಿಯ ಲೇಬಲ್ಲಿನಲ್ಲಿ ಓದಬೇಕಾದ ಮೊದಲ ಸುಳಿವೇ ಇದು. ಪೀಪಾಯಿಯಿಂದ ನೀರೂ ಆಲ್ಕೋಹಾಲೂ ಎರಡೂ ಆವಿಯಾಗುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರು ಹೊರಹೋಗಲು ಅವಸರ ಮಾಡುವುದಿಲ್ಲ. ಆಲ್ಕೋಹಾಲು ಹೋಗುತ್ತದೆ, ಶೇಕಡಾವಾರು ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಹೀಗೆ. ಬಿಸಿಲು ಹೆಚ್ಚು, ಗಾಳಿ ಒಣ, ಗೋದಾಮಿಗೆ ಏಸಿ ಇಲ್ಲ ಎಂದರೆ ನೀರು ಬೇಗ ಹೋಗುತ್ತದೆ, ಶೇಕಡಾವಾರು ಏರುತ್ತದೆ. ಟೆಕ್ಸಸ್ ಬೇಸಿಗೆಯಲ್ಲಿ ನಡೆಯುವುದು ಇದು. ಹಾಗಾಗಿ ಪೀಪಾಯಿಯಲ್ಲಿಟ್ಟ ಕಾರ್ನ್ ವಿಸ್ಕಿಯ ಮೇಲೆ 62.5ಕ್ಕಿಂತ ಹೆಚ್ಚು ಕಂಡರೆ ಅದು ಪೀಪಾಯಿಯೊಳಗೇ ಏರಿದ್ದು. ಅದಕ್ಕಿಂತ ಕಡಿಮೆ ಇದ್ದರೆ ಎರಡರಲ್ಲೊಂದು: ಕಡಿಮೆ ಶಕ್ತಿಗೆ ತುಂಬಿದ್ದರು, ಇಲ್ಲವೇ ಇಳಿದಿದೆ.

ಏರಿದ್ದು ಎಂದರೆ ಬರೀ ಸಂಖ್ಯೆಯಲ್ಲ. ನೀರು ಹೋಗಿ ಉಳಿದದ್ದು ಗಟ್ಟಿಯಾಗಿದೆ. ಮರದ ಒಗರು, ಎಣ್ಣೆಯಂಶ, ಎಲ್ಲವೂ ಸೇರಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2% ಆವಿಯಾದರೆ ಇಲ್ಲಿ 10% ದಾಟುವುದು ಮಾಮೂಲು. ಬೆಂಗಳೂರಿನ ಅಮೃತ್‌ನವರ ಲೆಕ್ಕವೂ 10–12ರ ಆಸುಪಾಸು. ಹೀಗೆ ಆವಿಯಾಗುವುದನ್ನು ‘ಏಂಜಲ್ಸ್ ಶೇರ್’, ದೇವತೆಗಳ ಪಾಲು ಎನ್ನುತ್ತಾರೆ; ಅದಕ್ಕೇ ಅವರ ಒಂದು ಬಾಟಲಿಯ ಹೆಸರು ‘ಗ್ರೀಡಿ ಏಂಜಲ್ಸ್’.

ಕಾಸ್ಕ್ ಸ್ಟ್ರೆಂತ್‌ನ ಇನ್ನೊಂದು ಹೆಸರಾದ ‘ಬ್ಯಾರೆಲ್ ಪ್ರೂಫ್’ ಎಂಬ ಮಾತಿಗೂ ಅಮೆರಿಕದಲ್ಲಿ 1979ರ ಒಂದು ಅಧಿಕೃತ ವ್ಯಾಖ್ಯೆ ಇದೆ: ಪೀಪಾಯಿಯಿಂದ ಸುರಿದಾಗ ಇದ್ದ ಶಕ್ತಿಗಿಂತ 2 ಪ್ರೂಫ್, ಅಂದರೆ 1%ಕ್ಕಿಂತ ಹೆಚ್ಚು ಇಳಿಸುವಂತಿಲ್ಲ.

ಹನಿನೀರು

ಆಲೆಮನೆ ಅವರೇ, ಟಿಪ್ಪಣಿ ಚೆನ್ನಾಗಿದೆ. ಆದರೆ ಒಂದೇ ಲೋಟಕ್ಕೆ ನೀರು ಹಾಕುತ್ತಾ ಹೋಗಿದ್ದೀರಿ. ಅದರಲ್ಲಿ ಎರಡು ತೊಂದರೆ.

ಒಂದು, ಸಮಯ. ಎರಡನೇ ಸಲ ನೀರು ಹಾಕುವ ಹೊತ್ತಿಗೆ ಲೋಟ ತೆರೆದು ಮುಕ್ಕಾಲು ಗಂಟೆ ಆಗಿರುತ್ತೆ. ಕೊಬ್ಬರಿ ಮಿಠಾಯಿ ಬಂದಿದ್ದು ನೀರಿನಿಂದಲೋ ಗಾಳಿಯಿಂದಲೋ ಹೇಗೆ ಹೇಳ್ತೀರಿ? ಎರಡು, ನಾಲಿಗೆ. 64%ದ ಎರಡು ಗುಟುಕು ಆದಮೇಲೆ ಬಾಯಿ ಅರ್ಧ ಮರಗಟ್ಟಿರುತ್ತೆ.

ಹೀಗೆ ಮಾಡಿ. ಮೂರು ಲೋಟ, ಮೂರಕ್ಕೂ 15 ಎಂಎಲ್, ಒಂದೇ ಹೊತ್ತಿಗೆ ಸುರಿಯಿರಿ. ಮೊದಲನೆಯದಕ್ಕೆ ನೀರು ಬೇಡ. ಎರಡನೆಯದಕ್ಕೆ 3 ಎಂಎಲ್, 53.3% ಆಗುತ್ತೆ. ಮೂರನೆಯದಕ್ಕೆ 6 ಎಂಎಲ್, 45.7%. ಮೇಲೆ ಮುಚ್ಚಳ ಇಡಿ, ಸಣ್ಣ ಸ್ಟೀಲ್ ತಟ್ಟೆ ಸಾಕು. 10 ನಿಮಿಷ ಬಿಟ್ಟು ಮೂರನ್ನೂ ಮೂಸಿ. ಕುಡಿಯುವಾಗ 45.7ರಿಂದ ಶುರು ಮಾಡಿ ಮೇಲಕ್ಕೆ ಹೋಗಿ. 64ರಿಂದ ಕೆಳಗಿಳಿದರೆ ಕೆಳಗಿನದೆಲ್ಲ ನೀರಿನ ಹಾಗೇ ಅನ್ನಿಸುತ್ತೆ, ‘ತೆಳು’ ಅಂತ ಬರೆದುಬಿಡ್ತೀರಿ. ನಿಮ್ಮ ಕೊನೆಯ ಸಾಲಿನ ಬಗ್ಗೆ ನನಗಿರುವ ಅನುಮಾನ ಇದೇ.

ನೀರು ಅಳೆಯೋಕೆ ಚಮಚ ನಂಬಬೇಡಿ, ಮನೆಯ ಟೀ ಚಮಚಗಳು 3ರಿಂದ 6 ಎಂಎಲ್ ತನಕ ಇರುತ್ತವೆ. ಮಕ್ಕಳ ಜ್ವರದ ಸಿರಪ್ಪಿನ ಜತೆ ಬರುವ 5 ಎಂಎಲ್ ಸಿರಿಂಜೇ ಒಳ್ಳೆಯದು. ಅಥವಾ 0.1 ಗ್ರಾಂ ತೋರಿಸುವ ಅಡುಗೆ ತಕ್ಕಡಿ ಮೇಲೆ ಲೋಟ ಇಟ್ಟು ಸೊನ್ನೆ ಮಾಡಿ ನೀರು ಹಾಕಿ, 1 ಗ್ರಾಂ ಅಂದರೆ 1 ಎಂಎಲ್.

ಸೂತ್ರ ಬೇಕಾದವರಿಗೆ: ವಿಸ್ಕಿಯ ಎಂಎಲ್ ಗುಣಿಸು ಈಗಿನ ಶೇಕಡಾ, ಭಾಗಿಸು ಬೇಕಾದ ಶೇಕಡಾ. ಬಂದದ್ದರಲ್ಲಿ ಮೊದಲಿನ ಎಂಎಲ್ ಕಳೆದರೆ ಹಾಕಬೇಕಾದ ನೀರು. 30 ಎಂಎಲ್ 64ನ್ನು 50ಕ್ಕೆ ತರಲು 8.4. ನೀರು, ಆಲ್ಕೋಹಾಲು ಸೇರಿದಾಗ ಒಟ್ಟು ಗಾತ್ರ ಚೂರು ಕುಗ್ಗುತ್ತೆ, ಆದ್ದರಿಂದ ಕರಾರುವಾಕ್ಕು ಲೆಕ್ಕಕ್ಕೆ ಇನ್ನು ಸ್ವಲ್ಪ ಬೇಕು. ಲೋಟದ ಮಟ್ಟಿಗೆ ಅದನ್ನು ಮರೆತುಬಿಡಿ.

ಆಲೆಮನೆ

ಒಪ್ಪಿದೆ ಮೇಡಂ, ಮೂರು ಲೋಟದ ಪದ್ಧತಿಯೇ ಸರಿ. ಆದ್ರೆ ಮಬ್ಬು ಬಂದದ್ದು ನಾಲಿಗೆ ಭ್ರಮೆ ಅಲ್ವಲ್ಲ.

ಹನಿನೀರು

ಅಲ್ಲ, ಮಬ್ಬು ನಿಜ. ಎಥಿಲ್ ಲಾರೇಟ್, ಎಥಿಲ್ ಪಾಮಿಟೇಟ್‌ನಂಥ ಉದ್ದ ಸರಪಳಿಯ ಎಸ್ಟರುಗಳು (ಎಣ್ಣೆಯಂಥ ಅಣುಗಳು) ಆಲ್ಕೋಹಾಲಿನಲ್ಲಿ ಕರಗಿರುತ್ತವೆ, ನೀರಿನಲ್ಲಿ ಕರಗಲ್ಲ. 46%ಕ್ಕಿಂತ ಕೆಳಗೆ ಇಳಿದಾಗ, ಅದರಲ್ಲೂ ತಣ್ಣಗಿದ್ದರೆ, ಅವು ಹೊರಗೆ ಬಂದು ಮಂಜಿನ ಹಾಗೆ ಕಾಣುತ್ತವೆ. ತಣ್ಣಗೆ ಮಾಡಿ ಸೋಸಿಲ್ಲ ಅನ್ನುವುದಕ್ಕೆ ಅದೇ ಗುರುತು, ಕೆಟ್ಟಿದೆ ಅಂತಲ್ಲ. ನೀವು ಬರೆದಿರುವ ‘ಎಣ್ಣೆಯ ಹಾಗೆ ಅಂಟುತ್ತೆ’ ಅನ್ನುವುದರಲ್ಲೂ ಅವುಗಳ ಪಾಲಿದೆ. ಸೋಸಿ ತೆಗೆದರೆ ಲೋಟ ಫಳಫಳ ಹೊಳೆಯುತ್ತೆ, ಬಾಯಲ್ಲಿ ಮಾತ್ರ ಏನೂ ಉಳಿಯಲ್ಲ.

ನೀರಿನ ಬಗ್ಗೆ ಇನ್ನೊಂದು. ಇಲ್ಲಿನ ನಲ್ಲಿ ನೀರು ಗಡಸು, ಕ್ಲೋರಿನ್ ಬೇರೆ. ನಲ್ಲಿ ನೀರು ಹಾಕಿ ಔಷಧಿ ವಾಸನೆ ಅಂತ ವಿಸ್ಕಿಯನ್ನು ಬೈಯಬೇಡಿ. ಆರ್‌ಓ ನೀರು ಅಥವಾ ಖನಿಜ ಕಡಿಮೆ ಇರುವ ಬಾಟಲಿ ನೀರು, ವಿಸ್ಕಿಯಷ್ಟೇ ಬೆಚ್ಚಗಿರಲಿ. ನೀರು ಬಿದ್ದ ಕೂಡಲೇ ಲೋಟ ಸ್ವಲ್ಪ ಬಿಸಿಯಾಗುತ್ತೆ, ಆಲ್ಕೋಹಾಲು ನೀರಿಗೆ ಬೆರೆತಾಗ ಶಾಖ ಬಿಡುತ್ತೆ. ಆ ಕ್ಷಣದಲ್ಲಿ ಸ್ಪಿರಿಟ್ ಮೇಲಕ್ಕೆ ನುಗ್ಗುತ್ತೆ. 3–4 ನಿಮಿಷ ತಡೆದು ಮೂಸಿ.

ಕರಾವಳಿ_ಕೊಪ್ಪರಿಗೆ

ನೀರು ಹಾಕಿದರೆ ರುಚಿ ಯಾಕೆ ತೆರೆದುಕೊಳ್ಳುವುದು ಮಾರಾಯ್ರೆ? ಎಲ್ಲರೂ ಹೇಳುವುದುಂಟು, ಕಾರಣ ಹೇಳುವವರು ಇಲ್ಲ.

ಹನಿನೀರು

ಒಂದು ಉತ್ತರ ಇದೆ, ಆದರೆ ಅದನ್ನು ಕಾರ್ನ್ ವಿಸ್ಕಿಗೆ ಪೂರ್ತಿ ಹಚ್ಚಬಾರದು. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ಗ್ವಾಯಕಾಲ್ ಅನ್ನುವ ಹೊಗೆ ವಾಸನೆಯ ಅಣು ಎಲ್ಲಿ ಇರುತ್ತೆ ಅಂತ ನೋಡಿದರು. 45%ದ ತನಕ ಅದು ದ್ರವದ ಮೇಲ್ಮೈ ಹತ್ತಿರ ಇರುತ್ತೆ. 59% ದಾಟಿದರೆ ಆಲ್ಕೋಹಾಲು ಅದನ್ನು ಸುತ್ತುವರಿದು ಒಳಗೆ ಎಳ್ಕೊಳ್ಳುತ್ತೆ. ಮೇಲೆ ಇದ್ದರೆ ಮೂಗಿಗೆ ಸಿಗುತ್ತೆ, ಅಷ್ಟೇ ಲೆಕ್ಕ. ಆದರೆ ಅದು ಒಂದೇ ಅಣುವಿನ ಕತೆ. ಹೊಗೆಯ ಸ್ಕಾಚ್‌ಗೆ ಅದು ಜೀವಾಳ, ಇಲ್ಲಿ ಅಲ್ಲ.

ಇಲ್ಲಿ ಹೆಚ್ಚು ಕೆಲಸ ಮಾಡುವುದು ಸರಳ ಸಂಗತಿ: ಉರಿ ಕಡಿಮೆಯಾದರೆ ಮಿಕ್ಕಿದ್ದು ಗೊತ್ತಾಗುತ್ತೆ. ಮೆಣಸಿನಕಾಯಿಯ ಖಾರವನ್ನು ಹಿಡಿಯುವ ನರತುದಿಯ ಗ್ರಾಹಕವನ್ನೇ ಆಲ್ಕೋಹಾಲೂ ಕೆಣಕುತ್ತೆ. ಆ ಗ್ರಾಹಕ ಮಾಮೂಲಿಯಾಗಿ 42 ಡಿಗ್ರಿ ಬಿಸಿಗೆ ‘ಸುಡ್ತಿದೆ’ ಅನ್ನುತ್ತೆ. ಆಲ್ಕೋಹಾಲು ಬಿದ್ದಾಗ ಆ ಮಿತಿ 34ಕ್ಕೆ ಇಳಿಯುತ್ತೆ. ಅಂದರೆ ನಿಮ್ಮ ಬಾಯಿಯ ಸ್ವಂತ ಬಿಸಿಯೇ ಸುಟ್ಟ ಹಾಗೆ ಅನಿಸುತ್ತೆ.

ಗೋವಿನಜೋಳ

ಹಂಗಾದ್ರ ಮಿರ್ಚಿ-ಮಂಡಕ್ಕಿ ಸಂಗಾಟ ಇದು ಬ್ಯಾಡ ಅಂತೀರಿ.

ಹನಿನೀರು

ರುಚಿ ನೋಡುವಾಗ ಬೇಡ, ಒಂದು ಗಂಟೆ ಮೊದಲೂ ಬೇಡ. ಖಾರ, ಉಪ್ಪಿನಕಾಯಿ, ಫಿಲ್ಟರ್ ಕಾಫಿ, ಪುದೀನಾ ಟೂತ್‌ಪೇಸ್ಟು ಯಾವುದೂ ಬೇಡ. ನಡುವೆ ಬಾಯಿ ತೊಳೆಯೋಕೆ ನೀರು, ಉಪ್ಪಿಲ್ಲದ ಬಿಸ್ಕತ್ತು ಅಥವಾ ಬಿಳಿ ಅವಲಕ್ಕಿ ಒಂದು ಚಿಟಿಕೆ. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಮೂಗನ್ನು ಲೋಟದ ಅಂಚಿನ ಮೇಲ್ಭಾಗಕ್ಕೆ ಇಡಿ, ಒಳಕ್ಕಲ್ಲ. ಲೋಟವನ್ನು ಗಿರಗಿರ ತಿರುಗಿಸಬೇಡಿ, ಅದು ವೈನ್ ಚಾಳಿ. 64%ದಲ್ಲಿ ತಿರುಗಿಸಿದರೆ ಏಳುವುದು ಬರೀ ಆಲ್ಕೋಹಾಲು.

ಮೊದಲ ಗುಟುಕು 1 ಎಂಎಲ್ ಮೀರಬಾರದು. ಅದು ಬಾಯನ್ನು ಒಗ್ಗಿಸೋಕೆ, ಅದರ ಮೇಲೆ ತೀರ್ಪು ಬೇಡ. ಒಂದು ನಿಮಿಷ ಬಿಟ್ಟು ಎರಡನೆಯದು, ನಾಲಿಗೆ ಮೇಲೆ 5 ಸೆಕೆಂಡ್ ಇಟ್ಟು ನುಂಗಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಹುರಿಟ್ಟಿನ ವಾಸನೆ ಇದ್ದರೆ ಲೋಟಕ್ಕಿಂತ ಇಲ್ಲೇ ಚೆನ್ನಾಗಿ ಸಿಗೋದು.

ಹೊಸಬ_ಪ್ಲೇನೊ

ಐಸ್ ಹಾಕಬಹುದಾ? ಬೈಬೇಡಿ.

ಆಲೆಮನೆ

ಬೈಯೋದೇನಿದೆ, ನಿಮ್ಮ ದುಡ್ಡು. ಆದ್ರೆ ರುಚಿ ನೋಡೋಕೆ ಅಂತ ಹಾಕಿದ್ದಕ್ಕೆ ಬೇಡ. ತಣ್ಣಗಾದ್ರೆ ವಾಸನೆ ಮೇಲೇಳಲ್ಲ, ಸಿಹಿ ಮಂಕಾಗುತ್ತೆ, ಒಗರು ಮುಂದೆ ಬರುತ್ತೆ. ಬಿಸಿಲಿಗೆ ತಂಪಾಗಿ ಕುಡಿಯೋಕೆ ಅಂದ್ರೆ ಒಂದೇ ದೊಡ್ಡ ಗಡ್ಡೆ ಹಾಕಿ, 64% ಇರೋದ್ರಿಂದ ಕರಗಿದ್ರೂ ತಡ್ಕೊಳ್ಳುತ್ತೆ. ಸಣ್ಣ ಚೂರುಗಳು ಬೇಡ, ಐದು ನಿಮಿಷಕ್ಕೆ ಪಾನಕ.

ಕರಾವಳಿ_ಕೊಪ್ಪರಿಗೆ

ಹುರಿದ ನೀಲಿ ಜೋಳ ಎಂದು ಹೇಳಿದಿರಲ್ಲ, ಆ ನೀಲಿಯಿಂದ ರುಚಿಗೆ ಏನಾದರೂ ಉಂಟಾ, ಅಥವಾ ಲೇಬಲ್ ಚಂದ ಕಾಣಲಿಕ್ಕೆ ಮಾತ್ರವಾ?

ಪೀಪಾಯಿ

ಬಣ್ಣದಿಂದ ಏನೂ ಇಲ್ಲ. ನೀಲಿ ಬರುವುದು ಆಂಥೋಸಯಾನಿನ್‌ನಿಂದ, ನೇರಳೆ ಹಣ್ಣಿನಲ್ಲಿರುವ ವರ್ಗದ್ದೇ. ಅದು ಆವಿಯಾಗುವುದಿಲ್ಲ, ಹಂಡೆಯಲ್ಲೇ ಉಳಿಯುತ್ತದೆ. ಆದರೆ ನೀಲಿ ತಳಿಗಳ ಕಾಳು ಸಾಮಾನ್ಯವಾಗಿ ಹಿಟ್ಟು ಹಿಟ್ಟಾಗಿರುತ್ತದೆ, ದನದ ಮೇವಿಗೆ ಬೆಳೆಯುವ ಹಳದಿ ಜೋಳದಷ್ಟು ಗಟ್ಟಿಯಲ್ಲ. ಅಮೆರಿಕದ ನೈಋತ್ಯದ ಮೂಲನಿವಾಸಿಗಳು ಅದನ್ನು ಹುರಿದು ಬೀಸಿ ಗಂಜಿ ಮಾಡುತ್ತಾರೆ, ‘ಅಟೋಲೆ’ ಎಂದು ಹೆಸರು. ನಮ್ಮ ಹುರಿಟ್ಟಿನ ನೆಂಟನೇ. ಆಲೆಮನೆಯವರ ಮೂಗು ಅದನ್ನು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಹುರಿದಾಗ ಸಕ್ಕರೆ, ಪ್ರೋಟೀನು ಸೇರಿ ಹುಟ್ಟುವ ಅಣುಗಳಲ್ಲಿ ಎಷ್ಟೋ ಆವಿಯಾಗುವಂಥವು, ಅವು ಬಟ್ಟಿಯಲ್ಲಿ ದಾಟಿ ಬರುತ್ತವೆ.

ಅಡುಗೆಯ ಹಂತ ಗೊತ್ತಿದ್ದರೆ ರುಚಿಯ ದೋಷ ಗುರುತಿಸುವುದು ಸುಲಭ. ಮೆಕ್ಕೆಜೋಳದ ಪಿಷ್ಟ ಬಿಡಿಸಿಕೊಳ್ಳಲು ಬಾರ್ಲಿಯದಕ್ಕಿಂತ ಹೆಚ್ಚು ಬಿಸಿ ಬೇಕು. ಹಿಟ್ಟನ್ನು ಕುದಿಯ ಹತ್ತಿರ, 85–95 ಡಿಗ್ರಿಯಲ್ಲಿ ಬೇಯಿಸಿ ಗಂಜಿ ಮಾಡಿ, ಆಮೇಲೆ 65ರ ಆಸುಪಾಸಿಗೆ ಇಳಿಸಿ ಮಾಲ್ಟ್ ಇಲ್ಲವೇ ಕಿಣ್ವ ಹಾಕುತ್ತಾರೆ. ಬಿಸಿಯಲ್ಲೇ ಹಾಕಿದರೆ ಮಾಲ್ಟಿನ ಕಿಣ್ವ ಸತ್ತುಹೋಗುತ್ತದೆ, ಗಂಜಿ ಗಂಜಿಯಾಗಿಯೇ ಉಳಿಯುತ್ತದೆ. ಹಿಟ್ಟನ್ನು ಒಮ್ಮೆಗೇ ಸುರಿದರೆ ರಾಗಿಮುದ್ದೆಯ ಗಂಟಿನ ಹಾಗೆ ಗಂಟು, ಒಳಗೆಲ್ಲ ಹಸಿ. ಗಂಟು ತಳಕ್ಕೆ ಕೂತು ಸೀದರೆ ಆ ಸೀದ ವಾಸನೆ ಬಟ್ಟಿಯಲ್ಲೂ ಬರುತ್ತದೆ. ಹುರಿದ ಜೋಳದ ಕಹಿಗೂ ಸೀದ ಮ್ಯಾಶಿನ ಕಹಿಗೂ ವ್ಯತ್ಯಾಸ ಇದೆ: ಮೊದಲನೆಯದು ಕಾಫಿಬೀಜದ ಕಡೆಗೆ, ಎರಡನೆಯದು ತಳ ಹಿಡಿದ ಅನ್ನದ ಕಡೆಗೆ.

ಆಲೆಮನೆ

ದೋಷಗಳನ್ನ ಒಂದು ಕಡೆ ಬರೆದುಬಿಡಿ ಪೀಪಾಯಿ ಅವರೇ. ಯಾವ ಡಿಸ್ಟಿಲರಿ ಅಂತ ಬೇಡ, ಹೆಸರು ಹಾಕಿದ್ರೆ ಎಳೆ ಹಾಳಾಗುತ್ತೆ.

ಪೀಪಾಯಿ

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬೇಯಿಸಿದ ಜೋಳದ ವಾಸನೆ. ‘ಆಹಾ, ಜೋಳದ್ದೇ ಪರಿಮಳ’ ಎಂದು ಜನ ಹೊಗಳುತ್ತಾರೆ. ಅದು ಬಹಳ ಸಲ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಅಣು; ನಿಜವಾದ ಬೇಯಿಸಿದ ಜೋಳದಲ್ಲೂ ಅದೇ ಇರುತ್ತದೆ, ಕೆಟ್ಟ ಬಿಯರಿನಲ್ಲೂ ಇರುತ್ತದೆ. ಸ್ಪಿರಿಟ್ಟಿನಲ್ಲಿ ಹೆಚ್ಚಿದೆ ಎಂದರೆ ಬಟ್ಟಿ ಇಳಿಸುವಾಗ ಶುದ್ಧಿ ಸಾಲಲಿಲ್ಲ, ಅಥವಾ ಪೀಪಾಯಿಯಲ್ಲಿ ಕಾಲ ಸಾಲಲಿಲ್ಲ. ಪತ್ತೆ ಹಚ್ಚುವುದು ಹೀಗೆ: ಅದರ ಕುದಿಬಿಂದು 37 ಡಿಗ್ರಿ, ಅಂದರೆ ನಮ್ಮ ಮೈ ಬಿಸಿ. ಲೋಟವನ್ನು ಅಂಗೈಯಲ್ಲಿ ಹಿಡಿದು 15 ನಿಮಿಷ ಕೂತರೆ ಬಹುಪಾಲು ಹಾರಿಹೋಗುತ್ತದೆ. ಹುರಿದ ಜೋಳದ ವಾಸನೆ ಹೋಗುವುದಿಲ್ಲ, ಇನ್ನೂ ಹೆಚ್ಚಾಗುತ್ತದೆ. 15 ನಿಮಿಷಕ್ಕೆ ಮಾಯವಾದ ಜೋಳವನ್ನು ಟಿಪ್ಪಣಿಯಲ್ಲಿ ಬರೆಯಬೇಡಿ.

ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ: ಎಥಿಲ್ ಅಸಿಟೇಟ್. ಚೂರು ಇದ್ದರೆ ಪಿಯರ್ ಹಣ್ಣಿನ ಹಾಗೆ ಚೆನ್ನಾಗಿಯೇ ಇರುತ್ತದೆ, ಹೆಚ್ಚಿದ್ದರೆ ಬಟ್ಟಿಯಲ್ಲಿ ಮೊದಲು ಇಳಿಯುವ ‘ಹೆಡ್ಸ್’ ಭಾಗವನ್ನು ಜಿಪುಣತನದಿಂದ ಕತ್ತರಿಸಿದ್ದಾರೆ ಎಂದರ್ಥ. ಒದ್ದೆ ರಟ್ಟು, ಹಳೇ ಕಡಲೆಕಾಯಿ ಎಣ್ಣೆ: ಒಂದೋ ಕೊನೆಗೆ ಇಳಿಯುವ ‘ಟೇಲ್ಸ್’ ಹೆಚ್ಚು ಸೇರಿಸಿದ್ದಾರೆ, ಇಲ್ಲವೇ ಬೀಸಿದ ಹಿಟ್ಟು ಹಳತಾಗಿತ್ತು. ಮೆಕ್ಕೆಜೋಳದ ಮೊಳಕೆ ಭಾಗದಲ್ಲಿ ಎಣ್ಣೆ ಹೆಚ್ಚು, ಬೀಸಿ ಇಟ್ಟರೆ ಅಕ್ಕಿಹಿಟ್ಟಿನ ಹಾಗೆ ಬಾಳುವುದಿಲ್ಲ. ವಾಂತಿಯ ಹುಳಿ: ಬ್ಯುಟಿರಿಕ್ ಆಮ್ಲ, ಹುದುಗಿನಲ್ಲಿ ಬ್ಯಾಕ್ಟೀರಿಯಾ ಸೇರಿದೆ.

ಇನ್ನು ಹೊಸ ಡಿಸ್ಟಿಲರಿಗಳಲ್ಲಿ ಅತಿ ಸಾಮಾನ್ಯವಾದದ್ದು ಮರದ ಹೊಟ್ಟಿನ ರುಚಿ. ಕಾರಣ ಸಣ್ಣ ಪೀಪಾಯಿ. ಮಾಮೂಲಿ ಪೀಪಾಯಿ 53 ಗ್ಯಾಲನ್, ಸುಮಾರು 200 ಲೀಟರ್. ದುಡ್ಡು ಬೇಗ ತಿರುಗಲೆಂದು 5 ಗ್ಯಾಲನ್, ಅಂದರೆ 19 ಲೀಟರಿನದಕ್ಕೆ ತುಂಬಿದರೆ ಪ್ರತಿ ಲೀಟರಿಗೆ ತಾಗುವ ಮರ ಸುಮಾರು 2.2 ಪಟ್ಟಾಗುತ್ತದೆ. ಬಣ್ಣ ಆರು ತಿಂಗಳಿಗೇ ಚಹಾದಂತೆ. ಆದರೆ ಮರ ಕರಗುವುದು ಒಂದು ಕೆಲಸ, ಗಾಳಿಯೊಡನೆ ಸೇರಿ ಸ್ಪಿರಿಟ್ ಪಳಗುವುದು ಇನ್ನೊಂದು. ಮೊದಲನೆಯದಕ್ಕೆ ಅವಸರ ಮಾಡಬಹುದು, ಎರಡನೆಯದು ತನ್ನ ಕಾಲ ತೆಗೆದುಕೊಂಡೇ ತೀರುತ್ತದೆ. ಮೇಲೆ ಒಗರು, ಕೆಳಗೆ ಹಸಿ ಸ್ಪಿರಿಟ್, ನಡುವೆ ಏನೂ ಇಲ್ಲ ಅನಿಸಿದರೆ ಇದೇ. ಗಾಢ ಬಣ್ಣ ನೋಡಿ ‘ಹಳೇದು’ ಎನ್ನುವವರು ಇದನ್ನು ಎರಡು ಸಲ ಓದಿ.

ಗೋವಿನಜೋಳ

ಹೋಲಿಸಿ ನೋಡಾಕ ಬ್ಯಾರೆ ಯಾವುದು ತರಬೇಕ್ರಿ? ಬರೇ ಒಂದು ಬಾಟ್ಲಿ ನೋಡಿದ್ರ ಏನೂ ತಿಳಿಯಂಗಿಲ್ಲ.

ಆಲೆಮನೆ

ಎರಡು ಸಾಕು. ಮೊದಲನೇದು ಹೆವನ್ ಹಿಲ್‌ನವರ ಮೆಲ್ಲೋ ಕಾರ್ನ್. ಅಗ್ಗ, ಹಳದಿ ಲೇಬಲ್. ಬಾಟಲ್ಡ್ ಇನ್ ಬಾಂಡ್, ಅಂದ್ರೆ 1897ರ ಕಾಯ್ದೆ ಪ್ರಕಾರ ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಕನಿಷ್ಠ 4 ವರ್ಷ, ಸರಿಯಾಗಿ 50%. ಬಳಸಿದ ಬರ್ಬನ್ ಪೀಪಾಯಿಯಲ್ಲಿ ಇಟ್ಟಿದ್ದು. ಹುರಿಯದ ಹಳದಿ ಜೋಳ ಹೇಗಿರುತ್ತೆ ಅನ್ನೋಕೆ ಇದೇ ಅಳತೆಗೋಲು. ಟ್ರೂ ಬ್ಲೂ ಪಕ್ಕ ಇಡುವಾಗ ಅದನ್ನೂ 50ಕ್ಕೆ ಇಳಿಸಿ ಇಡಿ, ಇಲ್ಲದಿದ್ರೆ ಹೋಲಿಸಿದ್ದು ಜೋಳ ಅಲ್ಲ, ಆಲ್ಕೋಹಾಲು.

ಎರಡನೇದು ಡೆನಿಸನ್‌ನ ಐರನ್‌ರೂಟ್ ರಿಪಬ್ಲಿಕ್‌ನ ಹ್ಯೂಬ್ರಿಸ್. ಅದೂ ಟೆಕ್ಸಸ್ಸೇ, ರೆಡ್ ರಿವರ್ ದಡದ ಕಡೆ. ಪ್ಲೇನೊ, ಫ್ರಿಸ್ಕೋದೋರಿಗೆ ವೇಕೋಗಿಂತ ಹತ್ತಿರ. ನಾಟಿ ತಳಿ ಜೋಳಗಳ ಮೇಲೆ ಅವರ ಕೆಲಸ ಚೆನ್ನಾಗಿದೆ. ಪೀಪಾಯಿ ನೋಡ್ಕೊಳ್ಳೋ ರೀತಿ ಫ್ರಾನ್ಸಿನ ಕೊನ್ಯಾಕ್ ಕಡೆಯದು. ಮೂರನ್ನೂ ಪಕ್ಕಪಕ್ಕ ಇಟ್ರೆ ‘ಕಾರ್ನ್ ವಿಸ್ಕಿ ಅಂದ್ರೆ ಸಿಹಿ, ಅಷ್ಟೇ’ ಅನ್ನೋ ಮಾತು ನಿಲ್ಲಲ್ಲ.

ಮರೆತಿದ್ದೆ, ಟೆಕ್ಸಸ್ಸಲ್ಲಿ ಲಿಕ್ಕರ್ ಅಂಗಡಿ ಭಾನುವಾರ ಮುಚ್ಚಿರುತ್ತೆ, ಮಿಕ್ಕ ದಿನ ರಾತ್ರಿ 9ರ ತನಕ. ಶನಿವಾರವೇ ತಂದಿಟ್ಕೊಳ್ಳಿ.

ಕರಾವಳಿ_ಕೊಪ್ಪರಿಗೆ

ಬಾಲ್ಕೋನೀಸ್ ಈಗ ಬ್ರಿಟನ್ನಿನ ದೊಡ್ಡ ಮದ್ಯ ಕಂಪೆನಿ ಡಿಯಾಜಿಯೋದ್ದಲ್ಲವಾ? ಇನ್ನೂ ಲೋಕಲ್ ಎಂದು ಹೇಳುವುದು ಹೇಗೆ?

ಪೀಪಾಯಿ

2022ರ ನವೆಂಬರಿನಲ್ಲಿ ಕೊಂಡದ್ದು ಹೌದು. ಚಿಪ್ ಟೇಟ್ 2008ರಲ್ಲಿ ಶುರು ಮಾಡಿದ್ದು, ಅವರು 2014ರ ಕೊನೆಗೇ ಹೊರಬಂದರು. ಒಡೆಯ ಬದಲಾದರೂ ವೇಕೋದ ಬಿಸಿಲು ಬದಲಾಗಿಲ್ಲ. ಬಾಟಲಿಯ ಗುಣ ನೋಡಬೇಕಾದ್ದು ಬ್ಯಾಚ್ ಸಂಖ್ಯೆಯಲ್ಲಿ, ಷೇರು ಪತ್ರದಲ್ಲಲ್ಲ.

ಊರಿನ ಮಾತು ಬಂದದ್ದಕ್ಕೆ: ಕರ್ನಾಟಕದಲ್ಲಿ ದಾವಣಗೆರೆ, ಹಾವೇರಿ ಸುತ್ತ ಇಷ್ಟೊಂದು ಮೆಕ್ಕೆಜೋಳ ಬೆಳೆಯುತ್ತಾರೆ, ನಾವ್ಯಾಕೆ ಇದನ್ನು ಮಾಡಬಾರದು ಎಂದು ಪ್ರತಿ ಎಳೆಯಲ್ಲೂ ಒಬ್ಬರು ಕೇಳುತ್ತಾರೆ. ನಮ್ಮ ಜೋಳದಿಂದಲೂ ಸ್ಪಿರಿಟ್ ಆಗುತ್ತದೆ, ಆದರೆ ಅದು ಇಎನ್‌ಎ (ರುಚಿ, ವಾಸನೆ ಉಳಿಯದಷ್ಟು ಶುದ್ಧ ಮಾಡಿದ ಸ್ಪಿರಿಟ್) ಇಲ್ಲವೇ ಪೆಟ್ರೋಲಿಗೆ ಬೆರೆಸುವ ಎಥನಾಲ್. ಇಎನ್‌ಎಯನ್ನು 96%ದ ತನಕ ಶುದ್ಧ ಮಾಡುತ್ತಾರೆ. ಅಷ್ಟು ತೊಳೆದ ಮೇಲೆ ಅದು ಜೋಳದ್ದೋ ಕಬ್ಬಿನದೋ ನಾಲಿಗೆಗೆ ತಿಳಿಯುವುದಿಲ್ಲ. ಕಾರ್ನ್ ವಿಸ್ಕಿಯ ಬಟ್ಟಿಗೆ 80%ದ ಮಿತಿ ಹಾಕಿರುವುದು ಅದಕ್ಕೇ, ಕೊಳೆಯ ಜತೆ ಜೋಳವೂ ಸ್ವಲ್ಪ ಉಳಿಯಲಿ ಎಂದು.

ಹೊಸಬ_ಪ್ಲೇನೊ

ಡಿಸೆಂಬರಲ್ಲಿ ಊರಿಗೆ ಹೋಗ್ತೀವಿ. ಭಾವನಿಗೆ ಎರಡು ಬಾಟಲ್ ತಗೊಂಡು ಹೋಗಬಹುದಾ? 64% ವಿಮಾನದಲ್ಲಿ ಬಿಡ್ತಾರಾ?

ಆಲೆಮನೆ

ಬಿಡ್ತಾರೆ. 70% ದಾಟಿದ್ರೆ ಯಾವ ಬ್ಯಾಗಲ್ಲೂ ಬಿಡಲ್ಲ. 24ರಿಂದ 70ರ ತನಕ ಚೆಕ್-ಇನ್ ಬ್ಯಾಗಲ್ಲಿ ತಲೆಗೆ 5 ಲೀಟರ್, ಸೀಲ್ ಒಡೆದಿರಬಾರದು. ಇಂಡಿಯಾ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ 2 ಲೀಟರ್. 750ರ ಎರಡು ಬಾಟಲಿ 1.5, ತೊಂದರೆ ಇಲ್ಲ. ಮೂರನೇದು ಇಟ್ರೆ 2.25 ಆಗುತ್ತೆ, ಹೆಚ್ಚಿದ್ದಕ್ಕೆ ಸುಂಕ. ಕಾರ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ, ನಿಲ್ಲಿಸಿ ಇಡಿ, ಸುತ್ತ ಬಟ್ಟೆ. ಕಾಸ್ಕ್ ಸ್ಟ್ರೆಂತ್ ಬಾಟಲಿ ಮನೇಲೂ ಯಾವತ್ತೂ ಮಲಗಿಸಬೇಡಿ. ಅಷ್ಟು ಸ್ಪಿರಿಟ್ ತಾಗ್ತಾ ಇದ್ರೆ ಕಾರ್ಕ್ ಪುಡಿಪುಡಿಯಾಗುತ್ತೆ.

ಮತ್ತೆ, ಭಾವನಿಗೆ 64 ಅಂದ್ರೇನು ಅಂತ ಮೊದಲೇ ಹೇಳಿ. ದೀಪದ ಹತ್ತಿರ, ಗ್ಯಾಸ್ ಒಲೆ ಹತ್ತಿರ ಸುರೀಬೇಡಿ ಅಂತಲೂ ಹೇಳಿ. ಈ ಶಕ್ತಿಗೆ ಅದರ ಆವಿ 22–23 ಡಿಗ್ರಿಗೇ ಕಿಡಿ ತಾಗಿದ್ರೆ ಹತ್ಕೊಳ್ಳುತ್ತೆ.

ಗೋವಿನಜೋಳ

ಎಂಟು ಮಂದಿ ಕೂಡ್ತೀವ್ರಿ ಬರೋ ಶನಿವಾರ. ಒಂದು ಬಾಟ್ಲಿ ಹೆಂಗ ಹಂಚೂದು?

ಹನಿನೀರು

ಎಂಟು ಜನಕ್ಕೆ 15ರಂತೆ ಒಂದು ಸುತ್ತು 120 ಎಂಎಲ್. ಎರಡು ಸುತ್ತಿಗೆ 240, ಬಾಟಲಿಯ ಮೂರನೇ ಒಂದು ಭಾಗವೂ ಅಲ್ಲ. ಒಂದು ಸುತ್ತನ್ನು ಮೊದಲೇ 50ಕ್ಕೆ ಇಳಿಸಿಟ್ಟುಬಿಡಿ: 120 ಎಂಎಲ್‌ಗೆ 34 ಎಂಎಲ್ ನೀರು, ಹಿಂದಿನ ರಾತ್ರಿಯೇ ಬೆರೆಸಿ ಸಣ್ಣ ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ ಇಡಿ. ಬೆರೆತು ಕೂತಿದ್ದು ಲೋಟದಲ್ಲಿ ಆಗಲೇ ಬೆರೆಸಿದ್ದಕ್ಕಿಂತ ನಯವಾಗಿರುತ್ತೆ. ಇಳಿಸಿದ್ದನ್ನು ತಲೆಗೆ 19 ಎಂಎಲ್‌ನಂತೆ ಮೊದಲು ಕೊಡಿ, 64ರದು ಆಮೇಲೆ. ಊಟ 64ಕ್ಕೆ ಮೊದಲೇ ಆಗಿರಲಿ, ಖಾರ ಕಡಿಮೆ ಇರಲಿ. ಮನೆಗೆ ಬಿಡೋಕೆ ಕುಡಿಯದವರು ಒಬ್ಬರಿರಲಿ.

ಉಳಿದದ್ದು ಅರ್ಧಕ್ಕಿಂತ ಕಡಿಮೆ ಆದಾಗ 200 ಎಂಎಲ್ ಗಾಜಿನ ಬಾಟಲಿಗಳಿಗೆ ಕತ್ತಿನ ತನಕ ತುಂಬಿ ಕತ್ತಲಲ್ಲಿಡಿ. ಗಾಳಿ ಕಡಿಮೆ ಇದ್ದಷ್ಟು ಹುರಿಟ್ಟು ಬಾಳುತ್ತೆ.

ಆಲೆಮನೆ

ಲೋಟ ಆ ರಾತ್ರಿ ತೊಳೀಬೇಡಿ. ಹಾಗೇ ಬಿಟ್ಟು ಬೆಳಿಗ್ಗೆ ಮೂಸಿ, ಆಲ್ಕೋಹಾಲು ಪೂರ್ತಿ ಹೋಗಿರುತ್ತೆ. ಒಗರು ಮರ ಮಾತ್ರ ಉಳಿದಿದ್ರೆ ಪೀಪಾಯಿ ಅವರು ಹೇಳಿದ ಸಣ್ಣ ಪೀಪಾಯಿ ಕೇಸು. ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದ ಹಾಗೆ ಇದ್ರೆ ಬ್ಯಾಚ್ ನಂಬರ್ ಇಲ್ಲಿ ಹಾಕಿ.

ಗೋವಿನಜೋಳ

ಆತ್ರೀ. ಎಂಟು ಲೋಟ ತೊಳಿಯೂದು ತಪ್ಪಿತು. ರವಿವಾರ ಮುಂಜಾನೆ ನಂಬರ್ ಹಾಕ್ತೀನಿ.